ನಾಕಿಂಚಿನ ತುಂಡು

ಗುತ್ತಲು ರಸ್ತೆಯ ನನ್ನ ಅಂಗಡಿಗೆ ಬೋರ್ಡಿಲ್ಲ,
ಗರಗಸದ ಹೊಟ್ಟಿನ ವಾಸನೆಯೇ ವಿಳಾಸ.
ಸೊಸೈಟಿ ಬ್ಯಾಂಕಿನ ಅಧ್ಯಕ್ಷರು ಭಾಷಣಕ್ಕೆ ನಿಲ್ಲುವ ಪೀಠ
ಮಾಡಿದ್ದು ನಾನೇ. ತೇಗ; ಮುಂದೆ ಹಿತ್ತಾಳೆಯ ಕಬ್ಬಿನ ಜಲ್ಲೆ.

ಮೊದಲು ಮಾಡಿದ್ದು ಬೆಟ್ಟಸ್ವಾಮಿಗೆ. ಆರಡಿ ಆಳು.
ವಾರ್ನಿಷ್ ಒಣಗುವ ಮುಂಚೆ ಅವಿಶ್ವಾಸ.
ಹನ್ನೊಂದು ನಿರ್ದೇಶಕರಲ್ಲಿ ಎಂಟು ಜನ
ಬಲಮುರಿ ಕಡೆ ಯಾವುದೋ ತೋಟದಲ್ಲಿ ಮೂರು ರಾತ್ರಿ ಇದ್ದು
ಒಂದೇ ವ್ಯಾನಿನಲ್ಲಿ ಬಂದು ಕೈ ಎತ್ತಿದರು.
ಎಂಟೂ ಅವನದೇ ಗುಂಪು, ಅವನದೇ ಖರ್ಚಲ್ಲಿ ಗೆದ್ದವರು.
ಎದುರು ಗುಂಪಿನ ಇಬ್ಬರು, ಪಾಪ,
ಕಾಫಿ ಕುಡಿಯುತ್ತ ನೋಡಿದರಂತೆ.

ಹೊಸಬ ಹೊಂಬಾಳೇಗೌಡ ಗಿಡ್ಡ.
ಪೀಠದ ಹಿಂದೆ ನಿಂತರೆ ಮೈಕು, ಹಣೆ, ಅಷ್ಟೇ.
‘ಆಚಾರ್ರೇ, ಒಸಿ ಇಳಿಸ್ಕೊಡಿ.’
ಬುಡದಲ್ಲಿ ನಾಕಿಂಚು ಕುಯ್ದೆ.
ತುಂಡು ಬಿಸಾಕಲು ಮನಸ್ಸು ಬರಲಿಲ್ಲ. ತೇಗ ಅಲ್ಲವೆ.

ಅಳಿಯ ಮೌನೇಶ ಬುತ್ತಿ ಬಿಚ್ಚುವಾಗ
ಫೆವಿಕಾಲ್ ಡಬ್ಬಕ್ಕೆ ಫೋನು ಆನಿಸಿ ನಿಲ್ಲಿಸುತ್ತಾನೆ.
ಲಂಡನ್ನು. ಕರಿ ಬಾಗಿಲು, ಅದರ ಮೇಲೆ ಹತ್ತು ಅಂತ ನಂಬರು,
ಬೀದಿಯಲ್ಲೇ ಒಂದು ಪೀಠ, ಪೀಠದ ಹಿಂದೆ ಪ್ರಧಾನಿ,
ಹೋಗುತ್ತೇನೆ ಅನ್ನುತ್ತಿರುವ ಮುಖ.
ನಾನು ಮುಖ ನೋಡಲಿಲ್ಲ; ಸಂದು ನೋಡಿದೆ.
‘ಒಬ್ಬೊಬ್ರಿಗೂ ಬ್ಯಾರೆ ಬ್ಯಾರೆ ಮಾಡಿಸ್ತಾರೆ ಮಾವ,’ ಅಂದ.
ಹಲಗೆ ಮೇಲೆ ಹಲಗೆ ಪೇರಿಸಿ ತಿರುಚಿದ್ದು ಒಂದು;
ಅದರ ಹಿಂದೆ ನಿಂತಾಕೆ ಇದ್ದದ್ದು ಏಳೇ ವಾರ.
ಹಸಿಮರ ಒಣಗುವುದಕ್ಕೂ ಸಾಲದು.
‘ಕೆಡವಿದ್ದು ಎದುರು ಪಕ್ಷದವ್ರಾ?’
‘ಊಹೂಂ, ಇವ್ರವ್ರೇ. ಕಾಗದ ಬರ್ದು ಗುಟ್ಟಾಗಿ ಒಬ್ಬನ ಕೈಗೆ ಕೊಡ್ತಾರಂತೆ,
ಅವ್ನು ಎಣಿಸ್ಕಂಡು ಕೂತಿರ್ತಾನಂತೆ.’

ಸ್ಟೂಲು ರಿಪೇರಿಗೆ ಬಂದ ಮರಿಲಿಂಗಯ್ಯ ಮೇಷ್ಟ್ರು
ಆ ಸ್ಟೂಲಿನ ಮೇಲೇ ಕೂತು ಹಳೆಯದೊಂದು ಹೇಳಿದರು:
ಮೂರು ಚುನಾವಣೆ ಗೆದ್ದ ಹೆಂಗಸು, ಕಬ್ಬಿಣ ಅನ್ನೋರಂತೆ,
ಒಂದು ಸಂಜೆ ಮಂತ್ರಿಗಳನ್ನು ಒಬ್ಬೊಬ್ಬರನ್ನೇ ಕೋಣೆಗೆ ಕರೆದಳಂತೆ.
ಹೆಚ್ಚುಕಮ್ಮಿ ಎಲ್ಲರದೂ ಒಂದೇ ಮಾತು:
ನನ್ನ ಓಟು ನಿಮಗೇ, ಆದರೆ ನೀವು ಗೆಲ್ಲಲ್ಲ.
ಆ ‘ಆದರೆ’ ಅನ್ನುವುದಿದೆಯಲ್ಲ ಆಚಾರಿ, ಅದೇ ಉಳಿ, ಅಂದರು ಮೇಷ್ಟ್ರು.
ಉಳಿ ಅಲ್ಲ ಬಿಡಿ. ಉಳಿಗೆ ಸುತ್ತಿಗೆ ಬೇಕು, ಸದ್ದಾಗುತ್ತದೆ.
ಅದು ಒಳಹುಳ. ಹೊರಗೆ ಪಾಲಿಶ್ ಹಾಗೇ ಇರುತ್ತದೆ,
ಬೆಳಿಗ್ಗೆ ನೆಲದ ಮೇಲೆ ಒಂದು ಚಿಟಿಕೆ ಹಿಟ್ಟು.

ಮೊನ್ನೆ ರಾತ್ರಿ ಒಂಬತ್ತೂವರೆ. ಷಟರು ಅರ್ಧ ಎಳೆದಿದ್ದೆ.
ಬಗ್ಗಿ ಒಳಬಂದವನು ಶಂಭೂಗೌಡ,
ಹೊಂಬಾಳೇಗೌಡನ ಖಾಸಾ ಬಾಮೈದ.
ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತ:
‘ಸುಮ್ನೆ, ಒಂದು ಅಳತೆ ತಗಂಡ್ ಮಡಗಿ.’
ಯಾವುದಕ್ಕೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಐದಡಿ ಹನ್ನೊಂದು.
ಬೆಂಚಿನ ಕೆಳಗಿನ ತುಂಡು ಸರಿಹೋಗುತ್ತದೆ,
ಕೂದಲೆಳೆ ಹೆಚ್ಚುಕಮ್ಮಿ.

ಅವನು ಹೋದಮೇಲೆ ಅನ್ನಿಸಿತು,
ಲಂಡನ್ನಿನಲ್ಲೂ ಇರಬೇಕು ನನ್ನಂಥವನೊಬ್ಬ,
ಪೇಪರಿನವರಿಗಿಂತ ಮುಂಚೆ ಗೊತ್ತಿರುವವನು;
ಮಳೆಕೋಟಿನ ಯಾವನೋ ಬಂದು ಎದೆಮಟ್ಟಕ್ಕೆ ಕೈ ಹಿಡಿದು
‘ಇಷ್ಟು’ ಅಂದಿರಬೇಕು.
ಅವನೂ ಹೆಂಡತಿಗೆ ಹೇಳಿರಲಾರ.
ಹಳೇ ಪೀಠಗಳನ್ನೆಲ್ಲ ಎಲ್ಲಿ ಒಟ್ಟುತ್ತಾರೋ,
ಸಿಕ್ಕಿದರೆ ಅದೊಂದು ಕೇಳಬೇಕು ಅವನನ್ನ.

ಬೆಳಿಗ್ಗೆ ಹೊಂಬಾಳೇಗೌಡರೇ ಪೀಠ ಹೊರಿಸಿಕೊಂಡು ಬಂದರು.
ಅಲುಗುತ್ತದಂತೆ. ಖುಷಿಯಲ್ಲಿದ್ದರು, ಟೀ ತರಿಸಿದರು.
‘ನಮ್ ಹುಡುಗ್ರು ಬಂಡೆ ಇದ್ದಂಗವ್ರೆ ಆಚಾರ್ರೆ,
ಶಂಭು ಒಬ್ಬ ಸಾಕು ನಂಗೆ.’
ಬಾಯಿ ತೆರೆದೆ. ಟೀ ಬಿಸಿಯಿತ್ತು.
ಅಡ್ಡ ಮಲಗಿಸಿ ಬುಡದ ನಾಕು ತಿರುಪು ಬಿಗಿ ಮಾಡಿದೆ.
‘ಗಮ್ ಹಾಕ್ಬುಡಿ, ಮತ್ತೆ ಕದಲಬಾರ್ದು.’
ಬ್ಯಾಡಿ ಗೌಡ್ರೆ, ಅಂದೆ. ಗಮ್ ಹಾಕಿದರೆ
ಆಮೇಲೆ ಬಿಚ್ಚೋದು ಕಷ್ಟ.
‘ಯಾಕ್ ಬಿಚ್ಚೀರಿ?’ ಅಂತ ನಕ್ಕರು.
ತಿರುಪುಳಿ ಎಲ್ಲಿಟ್ಟೆ ಅಂತ ಹುಡುಕತೊಡಗಿದೆ;
ಅದು ಕೈಯಲ್ಲೇ ಇತ್ತು.